ಅರ್ಧ ಬೆಕ್ಕಿನ ವಿಳಾಸ

ಓ-ಕಾಂಗ್ ಊರಿನಲ್ಲಿ ದೇವರನ್ನು ಪ್ರಶ್ನೆ ಕೇಳಬೇಕಾದವರು ಮೊದಲು ಗ್ಯೋಕ್-ಹುನ್‌ಳನ್ನು ಕೇಳುತ್ತಿದ್ದರು. ಅವಳೇನು ಪೂಜಾರಿಯ ಮನೆತನದವಳಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಮೀನಿನ ಶೆಡ್ಡಿನಲ್ಲಿ ಚಿಮುಟ ಹಿಡಿದು ಕೂತು ಹೂಮೀನಿನ ಮುಳ್ಳು ಬಿಡಿಸುವವಳು. ಒಂದು ಹೂಮೀನಿಗೆ ಇನ್ನೂರ ಇಪ್ಪತ್ತೆರಡು ಮುಳ್ಳು. ಮೂವತ್ತು ವರ್ಷ ಮುಳ್ಳು ಕಿತ್ತ ಕಣ್ಣು ಮೀನು ಮುಗಿದ ಮೇಲೂ ಸುಮ್ಮನಿರುವುದಿಲ್ಲ, ಜನರ ಮಾತಿನಲ್ಲಿ ಮುಳ್ಳು ಹುಡುಕುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ಅವಳು ಊರದೇವರಾದ ಕಾಂಗ್ ದೊರೆಯ ಗುಡಿಯಲ್ಲಿ ಕಸ ಹೊಡೆಯುತ್ತ, ಧೂಪದ ಬೂದಿ ಜರಡಿ ಹಿಡಿಯುತ್ತ ಇದ್ದಾಗ, ಯಾರಾದರೂ ಮಂಡಿಯೂರಿ ದೇವರಿಗೆ ಅರಿಕೆ ಮಾಡಿಕೊಳ್ಳುವುದು ಕಿವಿಗೆ ಬಿದ್ದರೆ ಪೊರಕೆ ನಿಂತುಬಿಡುತ್ತಿತ್ತು.

ಅವಳ ಪ್ರಕಾರ ಕ್ರಮ ಬಹಳ ಸರಳ. ಮೊದಲು ಹೆಸರು. ಆಮೇಲೆ ಹುಟ್ಟಿದ ವರ್ಷ, ತಿಂಗಳು, ಜಾವ; ವರ್ಷಕ್ಕೂ ಜಾವಕ್ಕೂ ಒಂದೊಂದು ಪ್ರಾಣಿಯ ಹೆಸರು. ಆಮೇಲೆ ವಿಳಾಸ, ಅದೂ ಗಲ್ಲಿ ಮತ್ತು ಬಾಗಿಲ ನಂಬರಿನ ಸಮೇತ. ಆಮೇಲೆ ಒಂದೇ ಒಂದು ಪ್ರಶ್ನೆ. ಇಷ್ಟಾದ ಮೇಲೆ ಅರೆಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಬಿಡಬೇಕು. ಒಂದು ಅಂಗಾತ ಒಂದು ಬೋರಲಾದರೆ ದೊರೆ ಹೂಂ ಅಂದ. ಎರಡೂ ಬೋರಲಾದರೆ ಊಹೂಂ. ಎರಡೂ ಅಂಗಾತವಾದರೆ ನಕ್ಕ, ಇನ್ನೊಮ್ಮೆ ಕೇಳು. ಮೂರು ಸಲ ಒಂದೇ ಉತ್ತರ ಬಂದರೆ ಅದು ತೀರ್ಮಾನ. ಅದರ ಮೇಲೆ ಅಪೀಲು ಇಲ್ಲ.

ಇದರಲ್ಲಿ ತಪ್ಪು ಮಾಡುವುದಕ್ಕೇನಿದೆ ಅನ್ನಬಹುದು. ಮಾಡುತ್ತಿದ್ದರು. ಸಿಂಪಿ ಕೃಷಿಯ ಮುದುಕ ತಾನ್, ಹರ್ನಿಯಾ ಕೊಯ್ಯಿಸಿಕೊಳ್ಳಲೇ ಎಂದು ಕೇಳುವಾಗ ಗಲ್ಲಿ ನಂಬರು ಹೇಳುವುದನ್ನೇ ಮರೆತ. ದೊರೆ ಮೂರು ಸಲ ಹೂಂ ಅಂದ. ಇವನು ಆಸ್ಪತ್ರೆಗೆ ಹೋದರೆ ಡಾಕ್ಟರು ಏನೂ ಬೇಡ, ಪಟ್ಟಿ ಕಟ್ಟಿಕೊಳ್ಳಿ ಎಂದು ಕಳಿಸಿದರು. ಅದೇ ವಾರ ಸಮುದ್ರದ ಕಡೆಯ ಗಲ್ಲಿಯ ಇನ್ನೊಬ್ಬ ತಾನ್, ಗಟ್ಟಿಮುಟ್ಟಾದ ನಲವತ್ತರ ಆಳು, ಅಪೆಂಡಿಕ್ಸ್ ಅಂತ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ. ಉತ್ತರ ತಪ್ಪು ಬಾಗಿಲಿಗೆ ಹೋಗಿದೆ ಎಂಬುದರಲ್ಲಿ ಊರಿನಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಎರಡನೆಯ ತಾನ್ ಮೊದಲನೆಯವನ ಜೊತೆ ಈಗಲೂ ಮಾತಾಡುವುದಿಲ್ಲ.

ಇಂಥ ಪಂಡಿತೆಗೂ ಒಂದು ಕೊರಗು ಇತ್ತು. ಪ್ರತಿ ವರ್ಷ ದೊರೆಯ ಹುಟ್ಟುಹಬ್ಬದ ದಿನ ಊರಿನವರೆಲ್ಲ ಸಾಲಾಗಿ ನಿಂತು ಮರದ ತುಂಡು ಬಿಡುತ್ತಾರೆ. ಯಾರಿಗೆ ಒಂದರ ಹಿಂದೊಂದು ಅತಿ ಹೆಚ್ಚು ಹೂಂ ಬೀಳುತ್ತದೋ ಅವರೇ ಆ ವರ್ಷದ ಧೂಪದೊಡೆಯರು. ದೊರೆಯ ಚಿಕ್ಕ ವಿಗ್ರಹ ಒಂದು ವರ್ಷ ಅವರ ಮನೆಯಲ್ಲಿರುತ್ತದೆ. ಗ್ಯೋಕ್-ಹುನ್ ಮೂವತ್ಮೂರು ವರ್ಷದಿಂದ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅದು ಹರಕೆ. ಮಗಳು ಈ-ಚಿನ್ ಹತ್ತು ತಿಂಗಳ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಸಿಕ್ಕಿಸಿಕೊಂಡು ಸೆಟೆದುಹೋಗಿತ್ತು. ಕೂಸನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಗುಡಿಗೆ ಓಡಿದ ತಾಯಿ, ಇದನ್ನು ಉಳಿಸಿಕೊಡು, ನಿನ್ನನ್ನು ಮನೆಗೆ ಕರೆದು ಒಂದು ವರ್ಷ ಸೇವೆ ಮಾಡುತ್ತೇನೆ ಅಂದಿದ್ದಳು. ಮಾತಿಗೆ ಜೊತೆಯಾಗಿ ಕೂಸನ್ನು ಹುಲಿಯಪ್ಪನಿಗೆ ದತ್ತು ಕೊಟ್ಟಳು. ಹುಲಿರೂಪದ ಈ ಹುಲಿಯಪ್ಪ ದೊರೆಯ ಪೀಠದ ಮೇಜಿನ ಕೆಳಗೆ, ಕತ್ತಲಲ್ಲಿ, ಹಸಿ ಮೊಟ್ಟೆ ತಿಂದುಕೊಂಡು ಮಕ್ಕಳನ್ನು ಕಾಯುವವನು.

ಕೂಸು ಉಳಿಯಿತು, ದೊರೆ ಮನೆಗೆ ಬರಲಿಲ್ಲ. ಹೋದ ವರ್ಷದವರೆಗೆ ಒಂದು ಸಲವೂ ನಾಲ್ಕಕ್ಕಿಂತ ಹೆಚ್ಚು ಹೂಂ ಬಿದ್ದಿರಲಿಲ್ಲ. ಹೋದ ವರ್ಷ ಐದು ಬಿತ್ತು, ಕ್ಷೌರದಂಗಡಿಯವನಿಗೆ ಆರು. ತೀರದ ಹರಕೆ ತಾಯಂದಿರ ತಲೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಹೆತ್ತವರಿಗೆ ಗೊತ್ತು. ಮಗಳಿಗೆ ಕನ್ನಡಕ ಬಂದಾಗ ಕಾರಣ ಹರಕೆ, ಮದುವೆ ಮುರಿದಾಗ ಹರಕೆ, ತೈಪೆಯಲ್ಲಿ ಕಿಟಕಿಯಿಲ್ಲದ ಕೋಣೆ ಹಿಡಿದು ಮೂರು ಹೊತ್ತೂ ಬಿಸಿನೀರು ಹುಯ್ದ ನೂಡಲ್ಸ್ ತಿನ್ನುತ್ತಾಳೆಂದು ತಿಳಿದಾಗಲೂ ಹರಕೆ. ದಿನಕ್ಕೆ ಎರಡು ಸಲ ಫೋನು ಮಾಡಿ ಉಸಿರಾಟ ಕೇಳಿಸಿಕೊಳ್ಳುವುದು ಇವಳ ರೂಢಿ. ಈ ವರ್ಷವಂತೂ ಫ್ರಿಜ್ಜನ್ನು ಓಣಿಗೆ ತಳ್ಳಿ, ಮುಂದಿನ ಕೋಣೆಗೆ ಸುಣ್ಣ ಹೊಡೆಸಿ, ದೊರೆ ಕೂರುವ ಕಡೆ ಗಾಳಿ ಬರುತ್ತದೋ ಇಲ್ಲವೋ ಎಂದು ತಾನೇ ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಿದ್ದಳು.

ಮಗಳು ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ಪುಸ್ತಕದ ಕಂಪನಿಯಲ್ಲಿ ಕೆಲಸ ಅನ್ನುತ್ತಿದ್ದಳು. ಸುಳ್ಳಲ್ಲ. ಈ-ಚಿನ್ ಚಿತ್ರ ಬಿಡಿಸಿ ಕಾಮಿಕ್ಸ್ ಕಥೆ ಬರೆಯುತ್ತಿದ್ದಳು, ‘ಅರ್ಧ ಬೆಕ್ಕು’ ಎಂಬ ಹೆಸರಿಟ್ಟುಕೊಂಡು. ನಾಲ್ಕು ವರ್ಷ ಬೆನ್ನು ಬಗ್ಗಿಸಿ ಬರೆದದ್ದು ಎರಡು ಸಂಪುಟ. ಅಮ್ಮನಿಗೆ ಎರಡನ್ನೂ ಕಳಿಸಿದ್ದಳು. ಅಮ್ಮ ರಟ್ಟಿನ ಮೇಲಿನ ಹುಲಿಯನ್ನು ನೋಡಿ, ಒಳಗೆ ಏನಿದೆಯೋ ಎಂದು ಹೆದರಿ, ಓದದೆ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಳು. ಊರಿನಲ್ಲಿ ಬಾಯಿ ಬಿಡಬೇಡ ಎಂದು ಮಗಳ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು.

ಹೆದರಿದ್ದು ಸುಮ್ಮನೆ ಅಲ್ಲ. ಕಥೆಯಲ್ಲಿ ಒಂದು ಗುಡಿ. ಮೇಜಿನ ಕೆಳಗೆ ಒಂದು ಹುಲಿ. ಊರಿಗೆ ರೋಗದ ಭೂತಗಳು ದೋಣಿಯೇರಿ ಬಂದಾಗ ಬೀದಿಗಿಳಿದು ಕಾದಾಡುವುದು ಆ ಹುಲಿ. ಪಾತಾಳದ ಹತ್ತು ಕಚೇರಿಗಳಿಗೆ ನುಗ್ಗಿ, ಟೋಕನ್ ಹಿಡಿದು ಸಾಲಿನಲ್ಲಿ ಕೂತ ಸತ್ತವರ ನಡುವೆ ಒಂದು ಮಗುವಿನ ಜೀವವನ್ನು ಹುಡುಕುವುದೂ ಆ ಹುಲಿಯೇ. ಸತ್ತವರಿಗೆ ಮರೆವಿನ ಕಷಾಯ ಕುಡಿಸುವ ಮುದುಕಿ ಅಲ್ಲಿ ಅದನ್ನು ಸಾಗುಗೋಲಿ ಹಾಕಿ ಹಾಲುಚಹಾದಂತೆ ಮಾರುತ್ತಾಳೆ, ಸಕ್ಕರೆ ಎಷ್ಟು ಎಂದು ಕೇಳುತ್ತಾಳೆ. ಇದೆಲ್ಲ ನಡೆಯುವಾಗ ಮೇಜಿನ ಮೇಲಿನ ದೊರೆ ಏನು ಮಾಡುತ್ತಾನೆ? ಬನಿಯನ್ ಹಾಕಿಕೊಂಡು, ಹಲ್ಲುಕಡ್ಡಿ ಕಚ್ಚಿಕೊಂಡು, ಭಕ್ತರ ಅರ್ಜಿಯಿಂದಲೇ ಗಾಳಿ ಬೀಸಿಕೊಳ್ಳುತ್ತ ನಿದ್ದೆ ಹೊಡೆಯುತ್ತಾನೆ. ಹುಲಿ ಗೆದ್ದು ಬಂದ ಮೇಲೆ ಎದ್ದು, ಸನ್ಮಾನದ ಶಾಲು ಹೊದ್ದು ಫೋಟೋಗೆ ನಿಲ್ಲುತ್ತಾನೆ. ಅವನ ಎಡಗೆನ್ನೆಯ ಮೇಲೊಂದು ಮಚ್ಚೆ, ಮಚ್ಚೆಯಲ್ಲಿ ಮೂರು ಕೂದಲು.

ಓ-ಕಾಂಗ್‌ನಲ್ಲಿ ಎಡಗೆನ್ನೆಯ ಮಚ್ಚೆಯಲ್ಲಿ ಮೂರು ಕೂದಲು ಬೆಳೆಸಿಕೊಂಡವನು ಒಬ್ಬನೇ. ಗುಡಿ ಸಮಿತಿಯ ಅಧ್ಯಕ್ಷ, ಇಪ್ಪತ್ತು ಮೀನಿನ ಹೊಂಡಗಳ ಮಾಲೀಕ ಲಿಮ್ ಕಿಮ್-ಚ್ವಾನ್. ಆ ಕೂದಲು ಅದೃಷ್ಟ ಎಂದು ಅವನು ಕತ್ತರಿ ತಾಗಿಸುತ್ತಿರಲಿಲ್ಲ. ಮಾತಾಡುವಾಗ ಎರಡು ಬೆರಳಲ್ಲಿ ನೀವಿಕೊಳ್ಳುತ್ತಿದ್ದ.

ಪುಸ್ತಕ ಅವನ ಕೈಗೆ ಬಂದದ್ದು ಮೊಮ್ಮಗಳ ಶಾಲೆಚೀಲದಿಂದ. ಓದಿದ. ಮೂರನೆಯ ದಿನ ಸಮಿತಿ ಕರೆದು, ಕಾಂಗ್ ದೊರೆಗೆ ಘೋರ ಅಪಚಾರವಾಗಿದೆ ಅಂದ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಆ ಪುಟ ನೋಡಿದರು, ಅಧ್ಯಕ್ಷರ ಮುಖ ನೋಡಲಿಲ್ಲ; ಚಾವಣಿ ನೋಡಿದರು. ಚಾವಣಿಯ ಚಿತ್ರದಲ್ಲಿ ಸ್ವರ್ಗದ ದ್ವಾರಪಾಲಕರೊಬ್ಬರು ಕೈಗಡಿಯಾರ ಕಟ್ಟಿಕೊಂಡು ನಿಂತಿದ್ದರು. ಅವರದು ಹಿಂದಿನ ಅಧ್ಯಕ್ಷರ ಮುಖ, ಪೇಂಟರನಿಗೆ ಊಟ ಹಾಕಿ ಬರೆಸಿಕೊಂಡದ್ದು. ತಾನಾಗಿ ಬರೆಸಿಕೊಂಡರೆ ಭಕ್ತಿ, ಇನ್ನೊಬ್ಬರು ಕಂಡು ಬರೆದರೆ ಅಪಚಾರ. ಅದಿರಲಿ, ಆ ಚಾವಣಿಯ ಮೇಲಿನ ಹಾರುವ ಸೇನಾಪತಿಗಳು, ಬೆಂಕಿಗಾಲಿಯವರು, ಮೂರು ತಲೆಯವರು ಯಾವ ವೇದದಿಂದ ಇಳಿದು ಬಂದವರು? ಸಂತೆಯಲ್ಲಿ ಕತೆ ಹೇಳಿ ಹೊಟ್ಟೆ ಹೊರೆದವರ ಬಾಯಿಂದ, ಬಯಲಾಟದವರ ಪೆಟ್ಟಿಗೆಯಿಂದ ಬಂದು ಗೋಡೆ ಹತ್ತಿ, ನೂರು ವರ್ಷ ಹೊಗೆ ಹಿಡಿಸಿಕೊಂಡು ದೇವರಾದವರು. ಈ-ಚಿನ್‌ಳ ಹುಲಿಗೆ ಹೊಗೆ ಸಾಲದು, ಅಷ್ಟೆ.

ಅಧ್ಯಕ್ಷ ಆಗಲೇ ತೈಪೆಯ ಪ್ರಕಾಶಕರಿಗೆ ಫೋನು ಮಾಡಿದ್ದ. ದೊರೆಯ ಮುದ್ರೆ ಒತ್ತಿದ ಕಾಗದ ಬಂದರೆ ಪುಸ್ತಕವನ್ನು ವಾಪಸು ತರಿಸುತ್ತೇವೆ, ಮೂರನೆಯ ಸಂಪುಟ ನಿಲ್ಲಿಸುತ್ತೇವೆ ಎಂದು ಅವರು ಆಗಲೇ ತಲೆ ಬಾಗಿಸಿದ್ದರು. ಗುಡಿಗಳ ಜೊತೆ ಜಗಳ ಯಾರಿಗೆ ಬೇಕು. ಮುದ್ರೆ ಒತ್ತಬೇಕಾದರೆ ದೊರೆಯ ಒಪ್ಪಿಗೆ ಬೇಕು. ಹುಟ್ಟುಹಬ್ಬದ ಬೆಳಿಗ್ಗೆ, ಧೂಪದೊಡೆಯರ ಆಯ್ಕೆಗೆ ಮೊದಲು, ಊರಿನ ಎದುರೇ ಕೇಳುವುದು ಎಂದಾಯಿತು. ಗ್ಯೋಕ್-ಹುನ್ ಬೂದಿ ಜರಡಿ ಹಿಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಆ ಸಂಜೆ ಮಗಳಿಗೆ ಫೋನು ಮಾಡಿ, ಊಟ ಆಯಿತಾ ಎಂದು ಮಾತ್ರ ಕೇಳಿ ಇಟ್ಟಳು.

ಹುಟ್ಟುಹಬ್ಬದ ದಿನ ಗುಡಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಂಪು ಆಮೆಯಾಕಾರದ ಅಕ್ಕಿ ಕಡುಬುಗಳು, ಇಡೀ ಹಂದಿಗಳು, ಪಟಾಕಿಯ ಹೊಗೆ. ಕಿಮ್-ಚ್ವಾನ್ ಉದ್ದನೆಯ ನೀಲಿ ನಿಲುವಂಗಿ ತೊಟ್ಟು ಮಂಡಿಯೂರಿದ. ಅರ್ಧ ಬೆಕ್ಕು ಎಂಬ ಹೆಸರಿನ ಒಬ್ಬ ಅಯೋಗ್ಯ ನಿಮ್ಮನ್ನು ಅಪಹಾಸ್ಯ ಮಾಡಿದ್ದಾನೆ, ಆ ಪುಸ್ತಕವನ್ನು ನಿಲ್ಲಿಸಲು ಅಪ್ಪಣೆ ಕೊಡಬೇಕು ಎಂದು ಮೈಕಿನಲ್ಲಿ ಅರಿಕೆ ಮಾಡಿಕೊಂಡ. ಗಂಡಸೇ ಇರಬೇಕು ಎಂಬುದು ಅವನ ಊಹೆ. ಅಷ್ಟು ಧೈರ್ಯ ಹೆಂಗಸಿಗೆಲ್ಲಿಂದ.

ತುಂಡು ಬಿಟ್ಟ. ಹೂಂ. ಜನ ಉಸಿರೆಳೆದುಕೊಂಡರು. ಎರಡನೆಯ ಸಲ. ಹೂಂ.

ಗ್ಯೋಕ್-ಹುನ್‌ಳ ಕೆಲಸ ಬಿದ್ದ ತುಂಡುಗಳನ್ನು ಎತ್ತಿ ಕೊಡುವುದು. ಎರಡನೆಯ ಸಲ ಎತ್ತಿದವಳು ಕೊಡಲಿಲ್ಲ.

“ವಿಳಾಸ ಹೇಳ್ಲಿಲ್ಲ ನೀವು,” ಅಂದಳು.

ಬೇರೆಯವರು ಅಂದಿದ್ದರೆ ಗದರಿ ಕೂರಿಸುತ್ತಿದ್ದರು. ಅಂದವಳು ಹುನ್ ಅಕ್ಕ. ಜನರ ಮಧ್ಯದಿಂದ ಮುದುಕ ತಾನ್ ಹೌದು ಹೌದು ಅಂದ. ಸಮುದ್ರದ ಕಡೆಯ ತಾನ್ ಹೊಟ್ಟೆ ಹಿಡಿದುಕೊಂಡ. ಗುಡಿಯ ಕ್ರಮಗಳೆಲ್ಲ ಬಾಯಿಪಾಠವಿದ್ದ ತೊಂಬತ್ತರ ಹೋಕ್ ತಾತನೂ ತಲೆಯಾಡಿಸಿದ. ಹೆಸರೂ ಅಡ್ಡಹೆಸರು, ಹುಟ್ಟಿದ ಜಾವವೂ ಇಲ್ಲ. ದೊರೆ ಯಾರನ್ನು ಕುರಿತು ಹೂಂ ಅಂದನೋ ಯಾರಿಗೆ ಗೊತ್ತು, ಎರಡೂ ಲೆಕ್ಕಕ್ಕಿಲ್ಲ.

ಅಷ್ಟಕ್ಕೇ ಗೆದ್ದೆ ಅಂದುಕೊಂಡಳು ಪಾಪ. ಕಿಮ್-ಚ್ವಾನ್ ಇಪ್ಪತ್ತು ಹೊಂಡ ಸುಮ್ಮನೆ ಮಾಡಿದವನಲ್ಲ. ಪುಸ್ತಕದ ಕೊನೆಯ ಪುಟ ತಿರುಗಿಸಿ, ಪ್ರಕಾಶಕರ ವಿಳಾಸ ಇಲ್ಲಿದೆ, ಹನ್ನೆರಡನೇ ಮಹಡಿ, ದೊರೆಗೆ ಲಿಫ್ಟ್ ಹತ್ತಲು ಬರುವುದಿಲ್ಲವೇ ಎಂದ. ಜನ ನಕ್ಕರು. ಹೋಕ್ ತಾತ ಗಡ್ಡ ಕೆರೆದುಕೊಂಡು, ಬರೆದವರ ವಿಳಾಸ ಯಾರಿಗೂ ಗೊತ್ತಿಲ್ಲದಿದ್ದರೆ ಅದೂ ನಡೆಯುತ್ತದೆ ಅಂದ. ಗೊತ್ತಿಲ್ಲದಿದ್ದರೆ.

ಗ್ಯೋಕ್-ಹುನ್ ಕೈಯಲ್ಲಿದ್ದ ತುಂಡುಗಳ ಬೂದಿ ಒರೆಸಿದಳು. ಸುಮ್ಮನಿದ್ದರೆ ಮಧ್ಯಾಹ್ನ ಸಾಲಿನಲ್ಲಿ ನಿಲ್ಲಬಹುದು, ಸುಣ್ಣ ಹೊಡೆಸಿದ ಕೋಣೆಗೆ ದೊರೆ ಬಂದರೂ ಬರಬಹುದು. ಮಗಳ ನಾಲ್ಕು ವರ್ಷ ರದ್ದಿಗೆ ಹೋಗುತ್ತದೆ. ಬಾಯಿ ಬಿಟ್ಟರೆ ಊರಿನ ಬಾಯಿಗೆ ಬೀಳಬೇಕು. ಅದಕ್ಕಿಂತ ದೊಡ್ಡ ತೊಡಕು ಅವಳಿಗೇ ಚೆನ್ನಾಗಿ ಗೊತ್ತಿದ್ದದ್ದು: ಈ ಗುಡಿಯಲ್ಲಿ ಒಂದು ಮನೆಗೆ ದಿನಕ್ಕೆ ಒಂದೇ ಅರಿಕೆ. ಈಗ ಮಗಳಿಗಾಗಿ ತುಂಡು ಬಿಟ್ಟರೆ ಮಧ್ಯಾಹ್ನದ ಸಾಲು ಅವಳಿಗಿಲ್ಲ. ಮಗಳ ಜೀವಕ್ಕೆಂದು ಹೊತ್ತ ಹರಕೆಯನ್ನು ಮಗಳಿಗಾಗಿಯೇ ಈ ವರ್ಷ ಬಿಡುವುದು. ದೇವರು ತಾಯಂದಿರಿಗೆ ಇಡುವ ಪರೀಕ್ಷೆಗಳಲ್ಲಿ ಎರಡೂ ಉತ್ತರ ತಪ್ಪೇ ಇರುತ್ತವೆ.

ಕಿಮ್-ಚ್ವಾನ್ ತುಂಡಿಗಾಗಿ ಕೈ ಚಾಚಿದ. ಅವಳು ಅದನ್ನು ಎದೆಗೊತ್ತಿಕೊಂಡು ಅವನ ಪಕ್ಕದಲ್ಲೇ ಮಂಡಿಯೂರಿದಳು.

“ನನಗ್ಗೊತ್ತು ವಿಳಾಸ,” ಅಂದಳು. ಮೈಕು ಹತ್ತಿರವೇ ಇದ್ದುದರಿಂದ ಬೀದಿಯ ಕೊನೆಗೂ ಕೇಳಿಸಿತು. “ಚುವಾ ಈ-ಚಿನ್. ಕುದುರೆ ವರ್ಷ, ಮೂರನೇ ತಿಂಗಳು, ಹುಲಿ ಜಾವ. ಹುಟ್ಟಿದ ಮನೆ ಗುಡಿ ಹಿಂದಿನ ಗಲ್ಲಿ, ಹದಿನೇಳನೇ ನಂಬರು. ನನ್ನ ಮಗಳು.”

ಪಟಾಕಿಯವನೂ ಕಡ್ಡಿ ಗೀರುವುದನ್ನು ನಿಲ್ಲಿಸಿದ. ಮೊದಲು ಚೇತರಿಸಿಕೊಂಡವನು ಅಧ್ಯಕ್ಷ. ಅವನ ಮುಖದಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಗಿತ್ತು. ಮೂವತ್ತು ವರ್ಷ ಊರಿಗೆಲ್ಲ ಕ್ರಮ ಕಲಿಸಿದವಳ ಮನೆಯಲ್ಲೇ ಹೀಗಾ ಎಂದು ಮೈಕಿನಲ್ಲಿ ಮರುಗಿದ. ಗುಡಿಯ ಅನ್ನ ತಿಂದು ಗುಡಿಗೇ ಉಗಿಯುವುದು ಅಂದರೆ ಇದೇ ಅಂದ. ಹೋಕ್ ತಾತ ಅವಳ ಕಡೆ ಬಗ್ಗಿ, ಮಧ್ಯಾಹ್ನದ ಸಾಲು ಹೋಗುತ್ತದೆ, ಯೋಚನೆ ಮಾಡಿದ್ದೀಯಾ ತಾಯಿ ಎಂದು ಮೆಲ್ಲಗೆ ಕೇಳಿದ. ಮಾಡಿದ್ದೇನೆ ಅಂದಳು. ಮಾಡಿರಲಿಲ್ಲ, ಮಾಡಿದ್ದರೆ ಎದ್ದು ಓಡುತ್ತಿದ್ದಳು.

ಪುಸ್ತಕ ನಿಲ್ಲಿಸಲೇ ಬೇಡವೇ ಎಂದು ಕೇಳುತ್ತಾಳೆಂದು ಎಲ್ಲರೂ ಕಾದರು. ಮುಳ್ಳು ಬಿಡಿಸುವ ಕೈ ಅದು. ಮೀನನ್ನು ಬಾಲದಿಂದ ಬಿಡಿಸುವುದಿಲ್ಲ, ಬೆನ್ನೆಲುಬಿನಿಂದ ಶುರು ಮಾಡುತ್ತದೆ. ಅಧ್ಯಕ್ಷನ ಕೈಯಿಂದ ಪುಸ್ತಕ ತೆಗೆದುಕೊಂಡು, ಮಚ್ಚೆಯ ಪುಟ ತೆರೆದು ದೊರೆಯ ಎದುರು ಎತ್ತಿ ಹಿಡಿದಳು.

“ಅಪ್ಪಾ ದೊರೆ, ಒಂದೇ ಪ್ರಶ್ನೆ. ಈ ಚಿತ್ರದಲ್ಲಿರೋದು ನೀನೇನಾ?”

ತುಂಡು ಬಿದ್ದವು. ಎರಡೂ ಬೋರಲು. ಊಹೂಂ.

ಎರಡನೆಯ ಸಲ ಎರಡೂ ಅಂಗಾತ, ದೊರೆ ನಕ್ಕ. ಅದು ಲೆಕ್ಕಕ್ಕಿಲ್ಲ, ಮತ್ತೆ ಬಿಟ್ಟಳು. ಊಹೂಂ. ಕೊನೆಯದನ್ನು ಬಿಟ್ಟಳೋ ಜಾರಿತೋ ಅವಳಿಗೇ ಗೊತ್ತಾಗಲಿಲ್ಲ. ಒಂದು ತುಂಡು ಉರುಳಿಕೊಂಡು ಹೋಗಿ ಅಧ್ಯಕ್ಷನ ನಿಲುವಂಗಿಯ ಅಂಚಿಗೆ ತಾಗಿ ನಿಂತಿತು. ಬೋರಲು. ಎರಡೂ ಬೋರಲು.

ಆಮೇಲೆ ಹಿಂದುಗಡೆಯಿಂದ ಯಾರೋ ಹೆಂಗಸು ಬಹಳ ಮುಗ್ಧವಾಗಿ ಕೇಳಿದಳು:

“ಹಂಗಾದ್ರೆ ಅದು ಯಾರು?”

ಸಾವಿರ ಕಣ್ಣು ಒಟ್ಟಿಗೆ ನೆಲದ ತುಂಡುಗಳಿಂದ ಎದ್ದು ಒಂದು ಎಡಗೆನ್ನೆಯ ಮೇಲೆ ಕೂತವು. ಕಿಮ್-ಚ್ವಾನ್‌ನ ಕೈ ಅಭ್ಯಾಸಬಲದಿಂದ ಮಚ್ಚೆಯ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು, ಕಿವಿ ತುರಿಸಿಕೊಂಡು ಕೆಳಗಿಳಿಯಿತು. ಪ್ರಶ್ನೆಯೇ ಸರಿಯಿಲ್ಲ ಅಂದ. ಹೆಸರು, ಜಾವ, ವಿಳಾಸ, ಪ್ರಶ್ನೆ ಒಂದು, ಇನ್ನೇನು ಬೇಕು ಅಂದ ಹೋಕ್ ತಾತ. ಆಮೇಲೆ ಆ ಮುದುಕ, ತೊಂಬತ್ತು ವರ್ಷ ಇದಕ್ಕೇ ಬದುಕಿದ್ದವನ ಹಾಗೆ, ತುಂಡುಗಳನ್ನು ಎತ್ತಿ ಎರಡೂ ಕೈಯಿಂದ ಅಧ್ಯಕ್ಷನ ಮುಂದೆ ಹಿಡಿದ.

“ಅನುಮಾನ ಇದ್ರೆ ನೀವೇ ಕೇಳಿ ಅಧ್ಯಕ್ಷ್ರೇ. ನಿಮ್ ವಿಳಾಸ ಹೇಳಿ, ಇದು ನಾನೇನಾ ಅಂತ.”

ಅಧ್ಯಕ್ಷ ತುಂಡನ್ನು ಮುಟ್ಟಲಿಲ್ಲ. ದೊರೆಯೇ ಅಪಚಾರವಿಲ್ಲ ಎಂದ ಮೇಲೆ ತನ್ನದೇನಿದೆ, ದೊರೆಗಿಂತ ದೊಡ್ಡವನೇ ತಾನು ಎಂದು ಮೈಕಿನಲ್ಲಿ ಹೇಳಿ, ಮೈಕನ್ನು ಹಂದಿಯ ತಟ್ಟೆಯ ಪಕ್ಕ ಇಟ್ಟು, ಹೊಂಡಕ್ಕೆ ಗಾಳಿ ಬಿಡುವ ಯಂತ್ರ ಕೆಟ್ಟಿದೆಯೆಂದು ಹೊರಟುಹೋದ. ಮುದ್ರೆಯ ಕಾಗದ ಅಲ್ಲಿಗೇ ಸತ್ತಿತು. ಹುಲಿಯಪ್ಪನ ಮುಂದೆ ಆ ಮಧ್ಯಾಹ್ನ ಮೊಟ್ಟೆಗಳ ರಾಶಿ ಬಿತ್ತು; ಸಮಿತಿಯವರು ಒಬ್ಬೊಬ್ಬರಾಗಿ ಬಂದು, ಈ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಗ್ಯೋಕ್-ಹುನ್‌ಳ ಕಿವಿಯಲ್ಲಿ ಕೇಳಿ ಹೋದರು.

ಸಾಲು ಶುರುವಾದಾಗ ಅವಳು ಹೊರಗೆ, ಬೂದಿ ಡಬ್ಬದ ಪಕ್ಕ ಕೂತಿದ್ದಳು. ಸ್ಕೂಟರ್ ರಿಪೇರಿಯ ಬುನ್-ಹ್ವಾಗೆ ಏಳು ಹೂಂ ಬಿದ್ದವು. ಧೂಪದ ಕಡ್ಡಿ ಯಾವ ಕೈಯಲ್ಲಿ ಹಿಡಿಯಬೇಕೆಂದು ಗೊತ್ತಿಲ್ಲದ ಮನುಷ್ಯ. ಗಿರಾಕಿಯೊಬ್ಬನಿಗೆ ಟೈರು ಕೊಡಲು ಬಂದವನು ಸಾಲು ಕಂಡು ನಿಂತಿದ್ದ. ದೊರೆಯನ್ನು ಪಲ್ಲಕ್ಕಿಯಲ್ಲಿ ಅವನ ಗ್ಯಾರೇಜಿಗೆ ಕರೆದೊಯ್ದರು. ದಾರಿ ಹದಿನೇಳನೇ ನಂಬರಿನ ಮುಂದೆಯೇ. ಗ್ಯೋಕ್-ಹುನ್ ಬಾಗಿಲಲ್ಲಿ ನಿಂತು ಕೈಮುಗಿದು, ನನ್ನ ತಪ್ಪಲ್ಲ, ನೀನೇ ನೋಡಿದೆಯಲ್ಲ ಎಂದು ಗೊಣಗಿದಳು. ಗೊಣಗುತ್ತಿದ್ದಂತೆಯೇ ಪಲ್ಲಕ್ಕಿ ಹೊತ್ತವರು ಎಡಗಾಲು ಮುಂದಿಟ್ಟದ್ದು ಕಣ್ಣಿಗೆ ಬಿದ್ದು ಗದರಿಯೂ ಆಯಿತು. ಮಾರನೆಯ ಬೆಳಿಗ್ಗೆಯಿಂದ ಶೆಡ್ಡಿಗೆ ಹೋಗುವ ಮೊದಲು ಗ್ಯಾರೇಜಿಗೆ ಹೋಗುವುದು ಅವಳ ಪಾಲಿಗೆ ಬಂತು. ಬುನ್-ಹ್ವಾ ದೊರೆಯ ಚಹಾದ ಬಟ್ಟಲನ್ನು ಎಂಜಿನ್ ಆಯಿಲ್ ಡಬ್ಬದ ಮೇಲೆ ಇಟ್ಟಿದ್ದ. ದೇವರು ಒಬ್ಬರ ಮನೆಗೆ, ದೇವರ ಚಾಕರಿ ಇನ್ನೊಬ್ಬರ ಮನೆಗೆ.

ಹಬ್ಬದ ಸಂಜೆಯೇ ಮಗಳು ಫೋನು ಮಾಡಿದಳು. ಮೈಕಿನ ಮಾತು ಅಷ್ಟು ಹೊತ್ತಿಗೆ ತೈಪೆ ಮುಟ್ಟಿತ್ತು. ನಿನ್ನ ಈ ವರ್ಷದ ಹರಕೆ ಹೋಯಿತಲ್ಲಮ್ಮಾ ಅಂದಳು. ದನಿ ಒಡೆದಿತ್ತು. ನೆಗಡಿಯಾಗಿದೆಯೋ ಏನೋ ಎಂದು ತಾಯಿಗೆ ಆಗಲೇ ಗಾಬರಿ. ತಾಯಿಯ ತೊಡೆಯ ಮೇಲೆ ಮೊದಲ ಸಂಪುಟ ತೆರೆದಿತ್ತು, ಕೈಯಲ್ಲಿ ಪೆನ್ಸಿಲು.

“ಅದು ನಂದೂ ದೊರೇದೂ ವ್ಯವಹಾರ, ನಾವು ನೋಡ್ಕೋತೀವಿ,” ಅಂದಳು. “ನೀನು ಮೊದ್ಲು ಇದನ್ನ ಹೇಳು. ಹದಿಮೂರನೇ ಪುಟದಲ್ಲಿ ಹುಲಿಯಪ್ಪಂಗೆ ಬೇಯ್ಸಿದ ಕೋಳಿ ಯಾಕೆ ತಿನ್ಸಿದೀಯಾ? ಹತ್ತು ತಿಂಗಳ ಕೂಸಿಂದ ನಿನ್ನ ಕಾದೋನು ಅವನು. ಅವನೇನು ತಿಂತಾನೆ ಅಂತಾನೂ ಗೊತ್ತಿಲ್ವಾ ನಿನಗೆ?”

ಅಮ್ಮಾ, ಅದು ಕಥೆ ಅಂದಳು ಮಗಳು. ಕಥೆಯಾದರೆ ಇನ್ನೂ ಹುಷಾರಾಗಿರಬೇಕು, ನಾಳೆ ಇದನ್ನೇ ನೋಡಿ ಜನ ನೈವೇದ್ಯ ಇಡುತ್ತಾರೆ ಅಂದಳು ತಾಯಿ. ರೋಗದ ದೋಣಿಯ ಹಗ್ಗ ತಪ್ಪು ಕಡೆ ಕಟ್ಟಿದೆ. ಪಾತಾಳದ ಐದನೇ ಕಚೇರಿಯಲ್ಲಿ ಪಾಪ ತೋರಿಸುವ ಕನ್ನಡಿ ಇಲ್ಲ, ಅದು ಇರುವುದು ಒಂದನೆಯದರಲ್ಲಿ. ಆ ಕಡೆಯಿಂದ ಪೆನ್ಸಿಲು ಕೆರೆಯುವ ಸದ್ದು ಕೇಳಿಸತೊಡಗಿತು. ನಲವತ್ತೊಂದನೇ ಪುಟ ಮುಟ್ಟುವ ಹೊತ್ತಿಗೆ ಹನ್ನೊಂದು ತಪ್ಪು ಸಿಕ್ಕಿದ್ದವು; ಇನ್ನೂ ನೂರಿಪ್ಪತ್ತು ಪುಟ ಬಾಕಿ ಇದ್ದವು.